ಸಾವು ಮತ್ತು ಸೌದೆ ಹೊರೆ: ಹಳೆಯ ಎಚಿಂಗ್ ಚಿತ್ರ ನೋಡುವುದು ಹೇಗೆ?

ತಗಡಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆಸಿ, ಇಂಕು ತುಂಬಿ, ಕಾಗದಕ್ಕೆ ಅಚ್ಚೊತ್ತುವ ಚಿತ್ರವೇ ಎಚಿಂಗ್. ಹತ್ತೊಂಬತ್ತನೇ ಶತಮಾನದ ಯುರೋಪಿನ ಎಚಿಂಗ್ ಚಿತ್ರಗಳಲ್ಲಿ ರೈತರು, ಕೂಲಿಗಳು ಬೇಕಾದಷ್ಟು ಸಿಗುತ್ತಾರೆ. ಅವರ ಪಕ್ಕದಲ್ಲಿ ಸಾವೇ ಬಂದು ನಿಂತರೆ ಮಾತ್ರ ನೋಡುವವರಿಗೆ ಗಲಿಬಿಲಿ. ಇದು ಹಳ್ಳಿಯ ಚಿತ್ರವೋ, ಉಪದೇಶವೋ? ಫ್ರಾನ್ಸಿನ ಡಿಜಾನ್‌ನಲ್ಲಿ 1837ರಲ್ಲಿ ಹುಟ್ಟಿದ ಅಲ್ಫೋನ್ಸ್ ಲೆಗ್ರೊ ಮಾಡಿದ ‘ಸಾವು ಮತ್ತು ಸೌದೆಯವ’ ಅಂಥದ್ದೊಂದು ಎಚಿಂಗ್. ಅದನ್ನೇ ಇಟ್ಟುಕೊಂಡು ನೋಡೋಣ.

ಗೆರೆಯಿಂದ ಶುರು ಮಾಡಿ

ಕಣ್ಣು ನೇರವಾಗಿ ಸಾವಿನ ಕಡೆಗೇ ಓಡುತ್ತದೆ. ಸ್ವಲ್ಪ ತಡೆಯಿರಿ, ಮೊದಲು ಗೆರೆ ನೋಡಿ. ಎಚಿಂಗ್‌ಗೆ ತಾಮ್ರದ ತಗಡಿನ ಮೇಲೆ ಮೇಣ ಸೇರಿದ ಪದರ ಬಳಿಯುತ್ತಾರೆ. ಅದರ ಮೇಲೆ ಸೂಜಿಯಿಂದ ಚಿತ್ರ ಬಿಡಿಸುತ್ತಾರೆ. ಸೂಜಿ ಕೆರೆಯುವುದು ಮೇಣವನ್ನಷ್ಟೇ. ತಾಮ್ರ ತಿನ್ನುವುದು ಆಸಿಡ್. ನಡುವೆ ತಗಡನ್ನು ಹೊರತೆಗೆದು, ತೆಳುವಾಗಿಯೇ ಉಳಿಯಬೇಕಾದ ಗೆರೆಗಳಿಗೆ ವಾರ್ನಿಷ್ ಬಳಿದು, ಮತ್ತೆ ಆಸಿಡ್‌ಗೆ ಇಳಿಸುತ್ತಾರೆ. ಜಾಸ್ತಿ ಹೊತ್ತು ಒಳಗಿದ್ದ ಗೆರೆ ಆಳವಾಗುತ್ತದೆ, ಹೆಚ್ಚು ಇಂಕು ಹಿಡಿಯುತ್ತದೆ, ಕಾಗದದ ಮೇಲೆ ಕಪ್ಪಗೆ ಬರುತ್ತದೆ. ಚಿತ್ರದಲ್ಲಿ ತೀರಾ ಕಪ್ಪಾದ ಜಾಗ ಹುಡುಕಿ. ಸಾಮಾನ್ಯವಾಗಿ ಅದು ಸುಮ್ನೆ ಆದದ್ದಲ್ಲ.

ಇನ್ನೊಂದು ಮಾತು: ಅಚ್ಚಾದಾಗ ಚಿತ್ರ ಎಡಬಲ ಅದಲುಬದಲಾಗುತ್ತದೆ. ಎಡಗೈಯಲ್ಲಿ ಕೊಡಲಿ ಹಿಡಿದವನು ಕಂಡರೆ ಅವನು ಎಡಚನೇ ಆಗಬೇಕಿಲ್ಲ.

ಕಥೆ ತಿಳಿದುಕೊಳ್ಳಿ

ಇದು ಈಸೋಪನ ಹೆಸರಲ್ಲಿ ಬಂದ ಹಳೆಯ ಕಥೆ. ಕವಿ ಲಾ ಫಾಂಟೇನ್ 1668ರಲ್ಲಿ ಅದನ್ನು ಫ್ರೆಂಚ್ ಪದ್ಯಕ್ಕೆ ತಂದ. ಮುದುಕನೊಬ್ಬ ಸೌದೆ ಹೊರೆ ಹೊತ್ತು ಸಾಕಾಗಿ, ಅದನ್ನು ಕೆಳಗೆ ಹಾಕಿ ಸಾವನ್ನು ಕರೆಯುತ್ತಾನೆ. ಸಾವು ಕೂಡಲೇ ಹಾಜರು. ಏನು ಬೇಕು ಅಂದರೆ, ಈ ಹೊರೆ ಮತ್ತೆ ಎತ್ತಿ ಹೊರಿಸು ಅನ್ನುತ್ತಾನೆ! ಇದನ್ನು ಓದಿ ನಗು ಬಂದರೆ ತಪ್ಪಿಲ್ಲ.

ಹೊರೆಯ ಹತ್ತಿರ ನಿಲ್ಲಿ

ನನ್ನ ಪ್ರಕಾರ ಚಿತ್ರದ ಜೀವ ಇರುವುದು ಸಾವಿನಲ್ಲಲ್ಲ, ಹೊರೆಯಲ್ಲಿ. ಲಾ ಫಾಂಟೇನ್‌ನ ಮುದುಕ ತನ್ನ ಕಷ್ಟಗಳನ್ನು ಲೆಕ್ಕ ಹಾಕುತ್ತಾನೆ: ಹೆಂಡತಿ, ಮಕ್ಕಳು, ಸೈನಿಕರು, ತೆರಿಗೆ, ಸಾಲ ಕೊಟ್ಟವನು, ಬಿಟ್ಟಿ ಚಾಕರಿ. ಸೈನಿಕನೂ ಸಾಲ ಕೊಟ್ಟವನೂ ಚಿತ್ರದಲ್ಲಿ ಕಾಣುವುದಿಲ್ಲ. ಅವರೆಲ್ಲರ ಭಾರ ಆ ಹೊರೆಯಲ್ಲಿದೆ. ಲೆಗ್ರೊ ಕಾಲದಲ್ಲಿ ಸೌದೆ ಅಷ್ಟು ಮುಗ್ಧ ವಸ್ತುವೂ ಅಲ್ಲ. ಫ್ರಾನ್ಸಿನ 1827ರ ಅರಣ್ಯ ಕಾನೂನು, ಕಾಡಿನ ಮೇಲೆ ಹಳ್ಳಿಗರಿಗಿದ್ದ ವಾಡಿಕೆಯ ಹಕ್ಕುಗಳನ್ನು ಬಿಗಿ ಮಾಡಿತ್ತು. ಅದನ್ನು ವಿರೋಧಿಸಿ, ಫ್ರಾನ್ಸಿನ ಪಿರನೀಸ್ ಬೆಟ್ಟಗಳ ಆರಿಯೇಜ್‌ನಲ್ಲಿ ಗಂಡಸರು ಹೆಂಗಸರ ವೇಷ ತೊಟ್ಟು ಕಾಡಿನ ಕಾವಲುಗಾರರ ಮೇಲೆ ಬಿದ್ದರು. ಇದನ್ನೆಲ್ಲ ಬಿಟ್ಟು, ‘ಎಲ್ಲರೂ ಒಂದು ದಿನ ಸಾಯಬೇಕು’ ಅಂತ ಅರ್ಥ ಹೇಳಿ ಮುಗಿಸುವುದು ಸೋಮಾರಿತನ ಅಲ್ವಾ?

ಪಕ್ಕದಲ್ಲಿ ಇನ್ನೊಂದು ಇಡಿ

ಫ್ರಾನ್ಸಿನ ನಾರ್ಮಂಡಿಯ ರೈತ ಮನೆಯ ಮಗ, ಚಿತ್ರಕಾರ ಮಿಲೆ ಇದೇ ಕಥೆಯನ್ನು ಬಣ್ಣದಲ್ಲಿ ಬರೆದ. ಅಲ್ಲಿ ಬಿಳಿ ಬಟ್ಟೆ ಸುತ್ತಿದ ಸಾವು ನಮಗೆ ಬೆನ್ನು ಹಾಕಿದೆ, ಭುಜದ ಮೇಲೆ ಉದ್ದ ಹಿಡಿಯ ಕುಡುಗೋಲು, ಕೈಯಲ್ಲಿ ಮರಳು ಗಡಿಯಾರ. ಮುದುಕ ಹೊರೆಯನ್ನು ಬಿಡದೆ ಹಿಡಿದಿದ್ದಾನೆ. ಪ್ಯಾರಿಸ್‌ನ ‘ಸಲೋನ್’ ಎಂಬ ದೊಡ್ಡ ಕಲಾ ಪ್ರದರ್ಶನ 1859ರಲ್ಲಿ ಅದನ್ನು ತಿರಸ್ಕರಿಸಿತು. ಈಗ ಅದು ಕೋಪನ್‌ಹೇಗನ್‌ನಲ್ಲಿದೆ. ಲೆಗ್ರೊ 1863ರಲ್ಲಿ ಲಂಡನ್‌ಗೆ ಹೋದ, 1876ರಿಂದ ಸ್ಲೇಡ್ ಕಲಾಶಾಲೆಯಲ್ಲಿ ಪ್ರೊಫೆಸರ್ ಆದ. ಇಂಗ್ಲಿಷ್ ಅಷ್ಟಕ್ಕಷ್ಟೇ, ಹಾಗಾಗಿ ಮಾಡಿ ತೋರಿಸಿಯೇ ಪಾಠ. ಎರಡೂ ಚಿತ್ರಗಳಲ್ಲಿ ಒಂದೇ ಪ್ರಶ್ನೆ ಕೇಳಿ: ಸಾವಿನ ಕೈ ಎಲ್ಲಿದೆ, ಮುದುಕನ ಕೈ ಎಲ್ಲಿದೆ?

ಅಸಲಿ ಪ್ರತಿ ಕೈಗೆ ಸಿಕ್ಕರೆ

ಭೂತಗನ್ನಡಿ ಹಿಡಿಯಿರಿ. ಚುಕ್ಕಿ ಚುಕ್ಕಿಯಾಗಿ ಕಂಡರೆ ಅದು ಪುಸ್ತಕದ ಮುದ್ರಣ. ಎಚಿಂಗ್‌ನಲ್ಲಿ ಗೆರೆ ಅಖಂಡ, ಇಂಕು ಕೊಂಚ ಉಬ್ಬಿರುತ್ತದೆ. ಅಂಚು ಕತ್ತರಿಸದಿದ್ದರೆ ಚಿತ್ರದ ಸುತ್ತ ತಗಡು ಒತ್ತಿದ ಗುರುತೂ ಕಾಣುತ್ತದೆ.