ಹೊರಟ ನೀರು ಹಾಗೆಯೇ ತಲುಪುವುದಿಲ್ಲ

ಸಂಸ್ಕರಿಸಿದ ತ್ಯಾಜ್ಯನೀರನ್ನು ದೂರಕ್ಕೆ ಸಾಗಿಸುವ ಕೊಳವೆಮಾರ್ಗದಲ್ಲಿ ನೀರಿನ ಗುಣಮಟ್ಟ ನೋಡಿಕೊಳ್ಳುವುದು ನನ್ನ ಕೆಲಸ. ಆರಂಭದಲ್ಲೊಂದು, ಕೊನೆಯಲ್ಲೊಂದು ಮಾದರಿಯನ್ನು ಒಂದೇ ಹೊತ್ತಿನಲ್ಲಿ ತೆಗೆದು ಹೋಲಿಸಿದರೆ ಏನೂ ತಿಳಿಯದು. ಅವೆರಡೂ ಬೇರೆ ಬೇರೆ ನೀರು. ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹರಿಯುವ ನೀರಿಗೆ 40 ಕಿಲೋಮೀಟರ್ ದಾಟಲು ಸುಮಾರು 22 ಗಂಟೆ ಬೇಕು. ಹೀಗಾಗಿ ಹರಿವಿನ ಲೆಕ್ಕ ಹಾಕಿ, ಹೊರಟ ಅದೇ ನೀರು ಪ್ರತಿ ಮಾದರಿ ನಲ್ಲಿಯ ಬಳಿ ಬರುವ ಹೊತ್ತಿಗೆ ನಾನೂ ಅಲ್ಲಿರುತ್ತೇನೆ.

ನಲ್ಲಿಯಲ್ಲಿ ನಿಂತ ನೀರನ್ನು ಮೊದಲು ಹರಿಯಬಿಟ್ಟು, ಬಾಟಲಿಯ ತಳದವರೆಗೆ ರಬ್ಬರ್ ನಳಿಕೆ ಇಳಿಸಿ, ಗುಳ್ಳೆ ಸೇರದಂತೆ ತುಂಬುತ್ತೇನೆ. ಕರಗಿದ ಆಮ್ಲಜನಕವನ್ನು ಸ್ಥಳದಲ್ಲೇ ಹಿಡಿದಿಡಬೇಕು: ಮ್ಯಾಂಗನೀಸ್ ಸಲ್ಫೇಟ್, ಬಳಿಕ ಅಜೈಡ್ ಬೆರೆತ ಕ್ಷಾರೀಯ ಅಯೊಡೈಡ್ ಹಾಕುತ್ತೇನೆ. ಆಮ್ಲಜನಕ ಹೆಚ್ಚಿದ್ದಷ್ಟೂ ತಳಕ್ಕಿಳಿಯುವ ಗಸಿ ಕಂದಾಗುತ್ತದೆ. ಅಜೈಡ್ ಹಾಕದಿದ್ದರೆ ನೀರಿನಲ್ಲಿರುವ ನೈಟ್ರೈಟ್ ಫಲಿತಾಂಶವನ್ನು ಕೆಡಿಸುತ್ತದೆ. ಮೊದಲ ಬಾಟಲಿಗಳಲ್ಲಿ ಗಸಿ ಕಡುಕಂದು. ಮುಂದಕ್ಕೆ ಹೋದಂತೆ ತಿಳಿಯಾಗುತ್ತ, ಒಂದು ಕಡೆ ಬೆಳ್ಳಗೆ ಇಳಿಯುತ್ತದೆ. ಅಲ್ಲಿಗೆ ಆಮ್ಲಜನಕ ಮುಗಿಯಿತು.

ಅದನ್ನು ಬಳಸಿದ್ದು ಹೆಚ್ಚಾಗಿ ಕೊಳವೆಯ ಗೋಡೆಗೆ ಅಂಟಿದ ಲೋಳೆಪದರದ ಬ್ಯಾಕ್ಟೀರಿಯಾ. ಅವು ನೀರಿನಲ್ಲಿರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಮಾಡುತ್ತವೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ (ಅಮೋನಿಯಾ ರೂಪದಲ್ಲಿರುವ ಸಾರಜನಕ) ನೈಟ್ರೇಟ್ ಆಗಲು ಸುಮಾರು 4.6 ಮಿಲಿಗ್ರಾಂ ಆಮ್ಲಜನಕ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7 ಮಿಲಿಗ್ರಾಂನಷ್ಟು ಕ್ಷಾರೀಯತೆ (ಆಮ್ಲವನ್ನು ತಣಿಸುವ ಶಕ್ತಿ) ಬೇಕು. ತುಂಬಿ ಹರಿಯುವ ಮುಚ್ಚಿದ ಕೊಳವೆಯಲ್ಲಿ ಗಾಳಿ ಸಿಗುವುದಿಲ್ಲ. ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಹೊತ್ತು ಹೊರಟ ನೀರೂ ಎರಡು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಪೂರ್ತಿ ಬದಲಿಸಲಾರದು. ಎಷ್ಟೋ ಸಲ ಕ್ರಿಯೆ ನೈಟ್ರೈಟ್ ಹಂತದಲ್ಲೇ ನಿಲ್ಲುತ್ತದೆ.

ಆಮ್ಲಜನಕ ತೀರಿದ ಮೇಲೆ ಅದರ ಬದಲಿಗೆ ಬ್ಯಾಕ್ಟೀರಿಯಾ ನೈಟ್ರೇಟಿಗೆ ಕೈಹಾಕುತ್ತವೆ. ಅದೂ ತೀರಿದರೆ ಸಲ್ಫೇಟಿನ ಸರದಿ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕಾಂಕ್ರೀಟ್ ಕೊಳವೆಯಲ್ಲಿ ಗಾಳಿ ಸೇರಿಕೊಂಡ ಜಾಗಗಳಲ್ಲಿ ಅದು ಗಂಧಕಾಮ್ಲವಾಗಿ ಮೇಲ್ಭಾಗವನ್ನು ತಿನ್ನುತ್ತದೆ. ಸಲ್ಫೈಡ್ ಮಾದರಿಗೆ ಜಿಂಕ್ ಅಸಿಟೇಟ್ ಹಾಕಿದ ಬೇರೆ ಬಾಟಲಿಯೇ ಬೇಕು.

ಇದನ್ನು ತಡೆಯಲು ಆರಂಭದಲ್ಲೇ ಕ್ಲೋರಿನ್ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಅಮೋನಿಯಾ ಇರುವ ನೀರಿನಲ್ಲಿ ಅದು ಕ್ಲೋರಮಿನ್ ಎಂಬ ದುರ್ಬಲ ಸೋಂಕುನಿವಾರಕ ಆಗುತ್ತದೆ, ದಾರಿಯುದ್ದಕ್ಕೂ ಸವೆಯುತ್ತದೆ, ಲೋಳೆಪದರ ಮಾತ್ರ ಉಳಿದುಬಿಡುತ್ತದೆ. ಸಂಸ್ಕರಣಾ ಘಟಕದಲ್ಲೇ ಅಮೋನಿಯಾವನ್ನು ನೈಟ್ರೇಟ್ ಮಾಡಿ, ಒಂದಿಷ್ಟನ್ನು ನೀರಿನಲ್ಲೇ ಕಳಿಸುವುದು ಮೇಲು. ನೈಟ್ರೇಟ್ ಇರುವಷ್ಟು ದೂರ ಸಲ್ಫೈಡ್ ಸಾಮಾನ್ಯವಾಗಿ ತಲೆಯೆತ್ತದು. ನೀರು ಹೊಲಕ್ಕೆ ಹೋಗುವುದಾದರೆ ಉಳಿದದ್ದು ಬೆಳೆಗೆ ಗೊಬ್ಬರ.

ಸೋಂಕು ನಿವಾರಣೆಗೆ ಕ್ಲೋರಿನ್ ಬೇಕೆಂದರೆ ಕೊನೆಯ ತೊಟ್ಟಿಯಲ್ಲಿ ಹಾಕುತ್ತೇವೆ, ಅದೂ ನೈಟ್ರೈಟ್ ಅಳೆದ ಮೇಲೆ. ಒಂದು ಮಿಲಿಗ್ರಾಂ ನೈಟ್ರೈಟ್ ಸಾರಜನಕ ಐದು ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. ಆ ಲೆಕ್ಕ ಸೇರಿಸದೆ ನಾನು ಪ್ರಮಾಣ ಬರೆದುಕೊಡುವುದಿಲ್ಲ.