ಇಂಗ್ಲೆಂಡಿನಲ್ಲಿ ಖಾಸಗಿ ಪಾರ್ಕಿಂಗ್ ಕಂಪನಿಯ ನೋಟಿಸ್ ಬಂದರೆ

“ಅಕ್ಕಾ, ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನವರು 100 ಪೌಂಡ್ ದಂಡ ಹಾಕಿದ್ದಾರೆ. 14 ದಿನದೊಳಗೆ ಕಟ್ಟಿದರೆ 60 ಅಂತೆ. ಕಟ್ಟಿಬಿಡಲೇ?” ಇಲ್ಲಿಗೆ ಹೊಸದಾಗಿ ಬಂದ ನಮ್ಮವರು ನನಗೆ ಫೋನ್ ಮಾಡಿ ಹೆಚ್ಚಾಗಿ ಕೇಳುವುದು ಇದನ್ನೇ. ಕಟ್ಟುವ ಮುನ್ನ ಆ ಕಾಗದವನ್ನು ಪೂರ್ತಿ ಓದಿ ಎನ್ನುತ್ತೇನೆ.

ಕಳುಹಿಸಿದವರು ಯಾರೆಂದು ನೋಡಿ. ಕೌನ್ಸಿಲ್ ಅಥವಾ ಪೊಲೀಸರಾದರೆ ಅದು ದಂಡವೇ, ಅದರ ದಾರಿ ಬೇರೆ. ಖಾಸಗಿ ಕಂಪನಿಯಾದರೆ, ಫಲಕದಲ್ಲಿದ್ದ ಷರತ್ತು ಮುರಿದಿದ್ದೀರಿ, ಹಣ ಕೊಡಿ ಎಂದು ಅವರು ಕೇಳುತ್ತಿದ್ದಾರೆ, ಅಷ್ಟೇ. ಹಾಗೆಂದು ಕಸದ ಬುಟ್ಟಿಗೆ ಹಾಕಬೇಡಿ. 2015ರಲ್ಲಿ ಬೀವಿಸ್ ಎಂಬವರ ಮೊಕದ್ದಮೆಯಲ್ಲಿ, ಎರಡು ಗಂಟೆಯ ಮಿತಿ ಮೀರಿದ್ದಕ್ಕೆ 85 ಪೌಂಡ್ ಕೇಳಿದ್ದು ಸರಿಯೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಅಲ್ಲಿನ ಫಲಕಗಳು ದೊಡ್ಡದಾಗಿ, ಸ್ಪಷ್ಟವಾಗಿದ್ದವು. ನಿಮ್ಮ ಜಾಗದ ಫಲಕ ಮರದ ಮರೆಯಲ್ಲಿದ್ದರೆ, ಅಕ್ಷರ ಓದಲಾಗದಷ್ಟು ಸಣ್ಣದಾಗಿದ್ದರೆ ಇಂದೇ ಹೋಗಿ ಫೋಟೊ ತೆಗೆಯಿರಿ.

ಮುಂದೆ ತಾರೀಖು. 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆಯ ಪ್ರಕಾರ, ಕಾರು ಓಡಿಸಿದವರು ಯಾರೆಂದು ಗೊತ್ತಿಲ್ಲದಿದ್ದಾಗ, ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಆ ರಿಜಿಸ್ಟರ್ಡ್ ಕೀಪರ್‌ನಿಂದ ಹಣ ಕೇಳಬಹುದು. ಅದಕ್ಕೆ ಬಿಗಿಯಾದ ಷರತ್ತುಗಳಿವೆ. ಗಾಜಿಗೆ ಚೀಟಿ ಅಂಟಿಸದೆ ಕ್ಯಾಮೆರಾ ನೋಡಿ ಕಳುಹಿಸಿದ ನೋಟಿಸ್, ಕಾರು ನಿಲ್ಲಿಸಿದ ಮರುದಿನದಿಂದ ಎಣಿಸಿ 14 ದಿನದೊಳಗೆ ತಲುಪಬೇಕು. ಅಂಚೆಗೆ ಹಾಕಿದ ನಂತರದ ಎರಡನೇ ಕೆಲಸದ ದಿನ ತಲುಪಿತೆಂದು ಲೆಕ್ಕ. ಒಂದನೇ ತಾರೀಖು ಕಾರು ನಿಲ್ಲಿಸಿದ್ದಕ್ಕೆ 14ರಂದು ಅಂಚೆಗೆ ಹಾಕಿದ್ದರೆ ತಡವಾಯಿತು; ಕೀಪರ್ ಹೊಣೆಯಲ್ಲ. ಸ್ಕಾಟ್ಲೆಂಡಿಗೆ ಈ ಕೀಪರ್ ಹೊಣೆಯೇ ಅನ್ವಯಿಸುವುದಿಲ್ಲ.

ಆದ್ದರಿಂದ ಉತ್ತರ ಬರೆಯುವಾಗ “ನಾನು ನಿಲ್ಲಿಸಿದ್ದೆ” ಎಂದು ಬರೆಯಬೇಡಿ. “ನಾನು ಈ ವಾಹನದ ಕೀಪರ್” ಎಂದು ಆರಂಭಿಸಿ, ಮುಂದೆ “ಚಾಲಕರು”, “ಕಾರು” ಎಂದೇ ಬರೆಯಿರಿ. ಇದು ಸುಳ್ಳಲ್ಲ. ಖಾಸಗಿ ಕಂಪನಿಗೆ ಚಾಲಕರ ಹೆಸರು ಹೇಳಬೇಕೆಂಬ ಕಾನೂನಿಲ್ಲ.

ಇನ್ನು ಸಾಕ್ಷ್ಯ. ನನ್ನ ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸ್. ಬೆಳಗ್ಗೆ ಹಾಲು ಕೊಳ್ಳಲು ಅಂಗಡಿಗೆ ಹೋಗಿ, ಡ್ಯೂಟಿ ಮುಗಿಸಿ ಸಂಜೆ ಮತ್ತೆ ಅಲ್ಲಿಗೇ ಹೋಗಿದ್ದರು. ಕ್ಯಾಮೆರಾ ಬೆಳಗಿನ ಪ್ರವೇಶವನ್ನೂ ಸಂಜೆಯ ನಿರ್ಗಮನವನ್ನೂ ಮಾತ್ರ ಜೋಡಿಸಿ, ಕಾರು ಇಡೀ ದಿನ ಅಲ್ಲೇ ಇತ್ತೆಂದು ಹೇಳಿತು. ನೋಟಿಸಿನಲ್ಲಿದ್ದ ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು: ಎರಡರಲ್ಲೂ ನಂಬರ್ ಪ್ಲೇಟ್ ಮಾತ್ರ, ನಿಲ್ಲಿಸಿದ ಕಾರು ಎಲ್ಲೂ ಇಲ್ಲ. ಆಸ್ಪತ್ರೆಯ ಸಿಬ್ಬಂದಿ ಪಾರ್ಕಿಂಗ್‌ನಲ್ಲಿ ಅದೇ ಕಾರಿಗೆ ಆ ಮಧ್ಯಾಹ್ನದ ದಾಖಲೆಯಿತ್ತು. ಎರಡು ಖರೀದಿ ರಸೀದಿಗಳೊಂದಿಗೆ ಅದನ್ನೂ ಹಿಡಿದು ಅಂಗಡಿಯ ಮ್ಯಾನೇಜರ್ ಬಳಿ ಹೋದೆವು. ನೋಟಿಸ್ ರದ್ದಾಯಿತು. ಪಾರ್ಕಿಂಗ್ ಕಂಪನಿಯನ್ನು ಕರೆತಂದದ್ದು ಅಂಗಡಿಯವರೇ ಆಗಿರುವುದರಿಂದ ಅವರ ಒಂದು ಇಮೇಲ್‌ಗೆ ಬಹಳ ಬಲವಿದೆ; ಮೊದಲು ಅಲ್ಲಿಗೇ ಹೋಗಿ.

ಕೆಲವೇ ನಿಮಿಷ ಹೆಚ್ಚಾಗಿದ್ದರೆ, ಅವಧಿ ಮುಗಿದ ಮೇಲೆ ಹೊರಡಲು 10 ನಿಮಿಷ ಕೊಡಬೇಕೆಂದು ಪಾರ್ಕಿಂಗ್ ಸಂಘಗಳ ನಿಯಮಾವಳಿಯೇ ಹೇಳುತ್ತದೆ. ಯಂತ್ರದಲ್ಲಿ ಕಾರಿನ ನಂಬರಿನ ಒಂದು ಅಕ್ಷರ ತಪ್ಪಿ ಒತ್ತಿದ್ದರೆ, ದುಡ್ಡು ಕಟ್ಟಿದ ರಸೀದಿ ಕಳುಹಿಸಿ ರದ್ದು ಮಾಡಿ ಎಂದು ಕೇಳಿ.

ಕಂಪನಿಗೆ 28 ದಿನದೊಳಗೆ ಮೇಲ್ಮನವಿ ಸಲ್ಲಿಸಿ. ಮೊದಲ 14 ದಿನದೊಳಗೇ ಬರೆದರೆ, ತಿರಸ್ಕರಿಸಿದರೂ ಸಾಮಾನ್ಯವಾಗಿ ರಿಯಾಯಿತಿ ಮತ್ತೆ ಸಿಗುತ್ತದೆ. ಆಮೇಲೆ ಕಂಪನಿ ಯಾವ ಸಂಘದ ಸದಸ್ಯವೋ ನೋಡಿ; ಮುಂದಿನ ಮೇಲ್ಮನವಿ ಕೇಳುವ ಸಂಸ್ಥೆ ಅದರ ಮೇಲೆ ಬೇರೆಯಾಗುತ್ತದೆ: ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಆದರೆ ಪಾಪ್ಲಾ, ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ ಆದರೆ ಐಎಎಸ್. ಪಾಪ್ಲಾಗೆ ಶುಲ್ಕವಿಲ್ಲ. ಅದರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ.

ನಂತರ 70 ಪೌಂಡ್ ಸೇರಿಸಿ ಸಾಲ ವಸೂಲಿಯವರ ಪತ್ರಗಳು ಬರಬಹುದು. ಅವರಿಗೆ ಮನೆಗೆ ನುಗ್ಗುವ, ಸಾಮಾನು ಎತ್ತಿಕೊಂಡು ಹೋಗುವ ಅಧಿಕಾರವಿಲ್ಲ. ವಕೀಲರಿಂದ “ಲೆಟರ್ ಬಿಫೋರ್ ಕ್ಲೇಮ್” (ಕೋರ್ಟಿಗೆ ಹೋಗುವ ಮುನ್ನದ ಎಚ್ಚರಿಕೆ ಪತ್ರ) ಬಂದರೆ ಮಾತ್ರ 30 ದಿನದೊಳಗೆ ಉತ್ತರಿಸಲೇಬೇಕು. ಕೋರ್ಟಿನ ಕ್ಲೇಮ್ ಫಾರ್ಮ್ ಬಂದರೆ 14 ದಿನದೊಳಗೆ ಅದು ತಲುಪಿದೆ ಎಂಬ ಸ್ವೀಕೃತಿ ಸಲ್ಲಿಸಿ; ಆಗ ಪ್ರತಿವಾದಕ್ಕೆ ಒಟ್ಟು 28 ದಿನ ಸಿಗುತ್ತದೆ.

ನನಗೆ ನಿಜವಾಗಿ ಭಯವಿರುವುದು ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮ ಹುಡುಗರ ಬಗ್ಗೆ. ಕಂಪನಿಗಳು ವಿಳಾಸ ಪಡೆಯುವುದು ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್ಎಯಿಂದ. ಅಲ್ಲಿ ಹಳೆಯ ವಿಳಾಸವೇ ಇದ್ದರೆ ಕೋರ್ಟಿನ ಕಾಗದವೂ ಹಳೆಯ ಮನೆಗೇ ಹೋಗಿ, ನಿಮಗೆ ತಿಳಿಯದೆಯೇ ತೀರ್ಪಾಗಿಬಿಡಬಹುದು. ಒಂದು ತಿಂಗಳೊಳಗೆ ಕಟ್ಟದ ತೀರ್ಪು ಆರು ವರ್ಷ ದಾಖಲೆಯಲ್ಲಿ ಉಳಿಯುತ್ತದೆ, ಮನೆ ಸಾಲಕ್ಕೂ ಅಡ್ಡ ಬರುತ್ತದೆ. ಮನೆ ಬದಲಿಸಿದ ವಾರದಲ್ಲೇ ವಿ5ಸಿಯಲ್ಲಿ, ಅಂದರೆ ವಾಹನದ ನೋಂದಣಿ ಪತ್ರದಲ್ಲಿ, ವಿಳಾಸ ತಿದ್ದಿಸಿ. ಲೈಸೆನ್ಸಿನ ವಿಳಾಸ ಬದಲಿಸಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.