ಸೂಜಿ ನಿಲ್ಲಿಸಿದ ಮೇಲೆ ಮುದ್ದೆ ತೂಗಿದೆ

ಹಸಿವು ತಗ್ಗಿಸಿ ತೂಕ ಇಳಿಸುವ, ಶುಗರ್‌ಗೂ ಕೊಡುವ ಟಿರ್ಜೆಪಟೈಡ್ ಇಂಜೆಕ್ಷನ್ ನಮ್ಮ ದೇಶಕ್ಕೆ ಬಂದಿದ್ದು 2025ರ ಮಾರ್ಚ್‌ನಲ್ಲಿ. ಮೇ ತಿಂಗಳಲ್ಲಿ ನಾನೂ ಶುರು ಮಾಡಿದೆ. ಆಗ 96 ಕೆಜಿ ಇದ್ದೆ. ಎಂಟು ತಿಂಗಳಿಗೆ 81ಕ್ಕೆ ಇಳಿದೆ. ವಾರಕ್ಕೊಂದು 5 ಮಿಲಿಗ್ರಾಂ ಡೋಸು, ಶುರುವಿನಲ್ಲಿ ಒಂದಕ್ಕೆ 4,375 ರೂಪಾಯಿ ಇತ್ತು. ಮಗಳ ಕಾಲೇಜು ಫೀಸು ಎದುರಿಗೆ ನಿಂತಾಗ ಡಾಕ್ಟರ ಹತ್ತಿರ ಮಾತಾಡಿ ನಿಲ್ಲಿಸಿದೆ. ನನಗೆ ಶುಗರ್ ಇಲ್ಲ, ಅವರೂ ಸರಿ ಅಂದರು.

ಎರಡು ವಾರ ಏನೂ ಆಗಲಿಲ್ಲ. ಇಷ್ಟೇನಾ ಅಂದುಕೊಂಡೆ. ಈ ಔಷಧಿ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 5 ದಿನ ಬೇಕು, ಪೂರ್ತಿ ಹೋಗಲು ಹೆಚ್ಚುಕಡಿಮೆ ಒಂದು ತಿಂಗಳು. ಮೂರನೇ ವಾರ ಒಂದು ಸಂಜೆ ಮಂಡ್ಯದ ನೂರಡಿ ರಸ್ತೆಯಲ್ಲಿ ಬರುತ್ತಿದ್ದೆ. ಬೋಂಡ ಕರಿಯುವ ವಾಸನೆ ಮೂಗಿಗೆ ಬಡಿಯಿತು. ಎಂಟು ತಿಂಗಳು ಅದೇ ಗಾಡಿ ಮುಂದೆ ಓಡಾಡಿದ್ದೇನೆ, ಅಲ್ಲೊಂದು ಗಾಡಿ ಇದೆ ಅನ್ನೋದೇ ಮರೆತುಹೋಗಿತ್ತು. ಆವತ್ತು ನಾಲ್ಕು ತಿಂದೆ. ಮನೆಗೆ ಬಂದು ಮುದ್ದೆಯನ್ನೂ ಬಿಡಲಿಲ್ಲ.

ಆರು ವಾರಕ್ಕೆ 3 ಕೆಜಿ ಏರಿತು. ನಾಲಿಗೆ ಕಟ್ಟೋಕಾಗದ ಜನ್ಮ ಅಂತ ನನ್ನನ್ನೇ ಬೈದುಕೊಂಡೆ. ಡಾಕ್ಟರು ಬೇರೆ ಲೆಕ್ಕ ಹೇಳಿದರು. ಇದೇ ಬಗೆಯ ಸೆಮಾಗ್ಲುಟೈಡ್ ಬಿಟ್ಟವರ ಮೇಲಿನ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ವಾಪಸ್. ಕೇಳಿ ಹೆದರಿಕೆಯೂ ಆಯಿತು, ಒಂಥರಾ ಸಮಾಧಾನವೂ ಆಯಿತು.

ಮಾರನೇ ದಿನ ಅಡುಗೆಮನೆ ತಕ್ಕಡಿಯಲ್ಲಿ ನನ್ನ ಮುದ್ದೆ ಇಟ್ಟೆ. 380 ಗ್ರಾಂ! ರಾಗಿ ತಿಂದರೆ ದಪ್ಪ ಆಗಲ್ಲ ಅಂತ ನಮ್ಮ ಕಡೆ ಸುಮ್ನೆ ಹೇಳ್ತಾರೆ. 100 ಗ್ರಾಂ ರಾಗಿ ಹಿಟ್ಟಲ್ಲಿ 320ರ ಆಸುಪಾಸು ಕ್ಯಾಲೊರಿ ಇದೆ, ಅಕ್ಕಿಯಲ್ಲಿ 350ರ ಹತ್ತಿರ. ಅಂಥ ವ್ಯತ್ಯಾಸ ಏನಿಲ್ಲ, ಅಲ್ವಾ?

ಮುದ್ದೆಯನ್ನು ಅರ್ಧ ಮಾಡಿದೆ. ಸಾರು ಕಮ್ಮಿ ಮಾಡಲಿಲ್ಲ. ನನ್ನನ್ನು ಉಳಿಸಿದ್ದು ಬಸ್ಸಾರು ಅಂತಲೇ ಹೇಳಬೇಕು. ಬಸಿದ ನೀರು ಸಾರಿಗೆ ಹೋದ ಮೇಲೆ ಉಳಿಯುತ್ತಲ್ಲ, ಸೊಪ್ಪು ಕಾಳು, ಅದನ್ನು ಒಂದು ದೊಡ್ಡ ಬಟ್ಟಲು ಮೊದಲೇ ತಿನ್ನುತ್ತೇನೆ. ಅವರೆ, ಹೆಸರು, ಹುರುಳಿ, ಯಾವುದಾದರೂ ಸರಿ. ಮುದ್ದೆ ಮುರಿಯುವುದು ಆಮೇಲೆ. ಸಂಜೆ ಐದಕ್ಕೆ ಜೇಬಲ್ಲಿ ಒಂದು ಹಿಡಿ ಹುರಿಗಡಲೆ ಇರುತ್ತದೆ, ಬೋಂಡದ ಗಾಡಿ ದಾಟೋವರೆಗೂ ಬಾಯಿಗೆ ಕೆಲಸ. ತೂಕದ ಜೊತೆ ಮಾಂಸಖಂಡವೂ ಕರಗಿರುತ್ತದೆ ಅಂತ ಡಾಕ್ಟರು ಅಂದಿದ್ದರು, ಹಾಗಾಗಿ ದಿನ ಬಿಟ್ಟು ದಿನ ಬಸ್ಕಿ, ದಂಡ.

ಸೋಮವಾರ ಬೆಳಗ್ಗೆ ತೂಕ ನೋಡುತ್ತೇನೆ. ಮದ್ದೂರಿನ ಬೀಗರ ಊಟ ಮುಗಿಸಿ ಬಂದ ವಾರ ಒಂದೂವರೆ ಕೆಜಿ ಜಾಸ್ತಿ ತೋರಿಸಿತು. ಉಪ್ಪು, ನೀರಿನ ಆಟ, ನಾಲ್ಕು ದಿನಕ್ಕೆ ಇಳಿಯಿತು. 85 ದಾಟಿ ಎರಡು ವಾರ ಅಲ್ಲೇ ನಿಂತರೆ ಮತ್ತೆ ಡಾಕ್ಟರ ಹತ್ತಿರ ಹೋಗುವುದು ಅಂತ ಮಾತಾಗಿದೆ. ನಿಲ್ಲಿಸಿ ಐದು ತಿಂಗಳಾಯಿತು, ಈಗ 83.

ಅಮ್ಮ ಮಾತ್ರ ಒಪ್ಪಿಲ್ಲ. "ಏನ್ಲಾ ಮಗ ಇದು, ಮುದ್ದೆನಾ ನಿಂಬೆಹಣ್ಣಾ?" ಅನ್ನುತ್ತಾರೆ. ನಾನು ಕೈ ತೊಳೆದು ಬರುವಷ್ಟರಲ್ಲಿ ತಟ್ಟೆಗೆ ಇನ್ನೊಂದು ತುಂಡು ಬಿದ್ದಿರುತ್ತದೆ.